ಪ್ರತಿಕ್ರಿಯೆ: ಎಲ್‌ಪಿಎ ವರದಿಯಲ್ಲಿ ಮೂಡದ ಗೆರೆ

ನಿಮ್ಮ ತಂದೆಯವರ ಕಫದ ಎಲ್‌ಪಿಎ ಪರೀಕ್ಷೆಯಲ್ಲಿ (ಲೈನ್ ಪ್ರೋಬ್ ಅಸ್ಸೇ, ಅಂದರೆ ಕ್ಷಯದ ರೋಗಾಣುವಿನ ಔಷಧ ನಿರೋಧವನ್ನು ಅದರ ಡಿಎನ್‌ಎಯಿಂದ ಪತ್ತೆಹಚ್ಚುವ ಪರೀಕ್ಷೆ) ‘ವೈಲ್ಡ್ ಟೈಪ್’, ಅಂದರೆ ಬದಲಾಗದ ಮೂಲ ರೂಪದ, ಗೆರೆಯೊಂದು ಮೂಡಿಲ್ಲ, ‘ಮ್ಯುಟೇಶನ್’, ಅಂದರೆ ಬದಲಾದ ರೂಪದ, ಗೆರೆಯೂ ಇಲ್ಲ; ಹೀಗಿದ್ದೂ ಕ್ಷಯದ ಔಷಧಿಯಾದ ರಿಫಾಂಪಿಸಿನ್‌ಗೆ ರೋಗಾಣುವಿನ ನಿರೋಧವಿದೆ ಎಂದು ಬರೆದಿರುವುದೇಕೆ ಎಂದು ಕೇಳಿದ್ದೀರಿ.

ಆ ಪರೀಕ್ಷೆಯ ಕಿರಿದಾದ ಬಿಳಿ ಪಟ್ಟಿಯ ಮೇಲೆ ಒಂದೊಂದು ಜಾಗದಲ್ಲಿ ಒಂದೊಂದು ಬಗೆಯ ಒಂಟಿ ಎಳೆಯ ಡಿಎನ್‌ಎ ತುಣುಕನ್ನು, ಅಂದರೆ ಪ್ರೋಬನ್ನು, ಅಂಟಿಸಿರುತ್ತಾರೆ. ಕ್ಷಯದ ರೋಗಾಣುವಿನ ಡಿಎನ್‌ಎಯನ್ನು ಪಿಸಿಆರ್‌ನಿಂದ (ಡಿಎನ್‌ಎಯ ಪ್ರತಿಗಳನ್ನು ಮಾಡುವ ವಿಧಾನ) ಹೆಚ್ಚಿಸಿ, ಎಳೆಗಳನ್ನು ಬಿಡಿಸಿ ಪಟ್ಟಿಯ ಮೇಲೆ ಹರಿಸಿದಾಗ, ಅಕ್ಷರಕ್ಕೆ ಅಕ್ಷರ ಹೊಂದಿದ ಎಳೆ ಮಾತ್ರ ಕಚ್ಚಿಕೊಂಡು, ತೊಳೆದ ಮೇಲೂ ಉಳಿದು, ಬಣ್ಣ ಹಾಕಿದಾಗ ನೇರಳೆ ಗೆರೆಯಾಗಿ ಕಾಣುತ್ತದೆ. ತೊಳೆಯುವ ಉಷ್ಣಾಂಶ ಸರಿಯಿಲ್ಲದಿದ್ದರೆ ಒಂದಕ್ಷರ ತಪ್ಪಿದ ಎಳೆಯೂ ಅಂಟಿಕೊಂಡೀತು. ಈ ಕೆಲಸದ ಸೂಕ್ಷ್ಮವೆಲ್ಲ ಅಲ್ಲಿದೆ.

ರಿಫಾಂಪಿಸಿನ್ ನಿರೋಧ ತರುವ ಬದಲಾವಣೆಗಳಲ್ಲಿ ಬಹುಪಾಲು ರೋಗಾಣುವಿನ ಆರ್‌ಪಿಒಬಿ ಎಂಬ ವಂಶವಾಹಿಯ 81 ಅಕ್ಷರಗಳ ಭಾಗದಲ್ಲಿರುತ್ತವೆ. ಮ್ಯುಟೇಶನ್ ಪ್ರೋಬುಗಳಿರುವುದು ಅವುಗಳಲ್ಲಿ ಹೆಚ್ಚಾಗಿ ಕಾಣುವ ಕೆಲವಕ್ಕೆ ಮಾತ್ರ, ಉದಾಹರಣೆಗೆ ಅದರಿಂದ ತಯಾರಾಗುವ ಪ್ರೋಟೀನಿನ 531ನೆಯ ಸ್ಥಾನದಲ್ಲಿ ಸೆರಿನ್ ಎಂಬ ಅಮೈನೋ ಆಮ್ಲದ ಬದಲು ಲ್ಯೂಸಿನ್ ಬರುವುದಕ್ಕೆ. ಬೇರೆ ಬದಲಾವಣೆಯಾಗಿದ್ದರೆ ವೈಲ್ಡ್ ಟೈಪ್ ಪ್ರೋಬಿಗೆ ಎಳೆ ಹೊಂದದೆ ಮೂಲ ಗೆರೆ ಅಳಿಯುತ್ತದೆ, ಮ್ಯುಟೇಶನ್ ಗೆರೆ ಮೂಡುವುದಿಲ್ಲ. ಆದ್ದರಿಂದ ಇದು ನೇರವಾಗಿ ಕಂಡ ನಿರೋಧವಲ್ಲ, ಊಹಿಸಿದ ನಿರೋಧ. ಅಪರೂಪಕ್ಕೆ ಪ್ರೋಟೀನನ್ನೇ ಬದಲಿಸದ ನಿರುಪದ್ರವಿ ವ್ಯತ್ಯಾಸವೂ ಗೆರೆಯನ್ನು ಅಳಿಸುವುದುಂಟು. ಅನುಕ್ರಮಣ (ಡಿಎನ್‌ಎಯ ಅಕ್ಷರಗಳನ್ನು ಓದುವುದು) ಅಥವಾ ಕಲ್ಚರ್ (ರೋಗಾಣುವನ್ನು ಔಷಧಿಯೊಂದಿಗೆ ಬೆಳೆಸಿ ನೋಡುವುದು) ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಅವರು ಕೊಟ್ಟ ಔಷಧಿಯನ್ನು ನಿಲ್ಲಿಸಬೇಡಿ.