ಆರಿದ್ರಾ ಚುಕ್ಕಿ ಆರಿಹೋಗುತ್ತಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಆಕಾಶದ್ದೇ ಜಾಸ್ತಿ. ಮೂರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಯಾಕೆಂದರೆ ಆ ಪ್ರಶ್ನೆ ನನಗೆ ತುಂಬಾ ಹಿಡಿಸಿತು.

ಮೇಡಂ, ನಮಸ್ಕಾರ. ನಾನು ಮದ್ದೂರು ಕಡೆಯ ಕಬ್ಬು ಬೆಳೆಗಾರ. ಆರಿದ್ರಾ ನಕ್ಷತ್ರ ಇನ್ನೇನು ಸಿಡಿದುಹೋಗುತ್ತೆ ಅಂತ ಮಗ ಮೊಬೈಲಲ್ಲಿ ತೋರಿಸಿದ. ಹಂಗಾದರೆ ಆರಿದ್ರಾ ಮಳೆ ಗತಿ ಏನು? ಈಗಾಗಲೇ ಒಂದು ಸಲ ಮಂಕಾಗಿತ್ತಂತೆ, ಹೌದಾ?

ಅಣ್ಣಾ, ಮೊದಲು ಮಳೆ ವಿಷಯ ಹೇಳಿಬಿಡುತ್ತೇನೆ. ಮಳೆಗೇನೂ ಆಗೋದಿಲ್ಲ. ಆರಿದ್ರಾ ಮಳೆ ಅಂದರೆ ಆ ನಕ್ಷತ್ರ ಸುರಿಸುವ ಮಳೆ ಅಲ್ಲ. ಸೂರ್ಯ ಆಕಾಶದಲ್ಲಿ ಆರಿದ್ರಾ ಇರುವ ಭಾಗಕ್ಕೆ ಬಂದಾಗ, ಅಂದರೆ ಜೂನ್ 22ರ ಆಸುಪಾಸಿನಿಂದ ಸುಮಾರು ಎರಡು ವಾರ, ಬೀಳುವ ಮಳೆಗೆ ನಮ್ಮ ಹಿರಿಯರು ಇಟ್ಟ ಹೆಸರು. ಕ್ಯಾಲೆಂಡರ್ ಇಲ್ಲದ ಕಾಲದಲ್ಲಿ ಬಿತ್ತನೆ ಲೆಕ್ಕಕ್ಕೆ ಆಕಾಶವನ್ನೇ ಪಂಚಾಂಗ ಮಾಡಿಕೊಂಡಿದ್ದರು. ಒಂದು ಸಂಗತಿ ಗಮನಿಸಿ. ಆ ಮಳೆ ಬರುವ ದಿನಗಳಲ್ಲಿ ಆ ಚುಕ್ಕಿ ಸೂರ್ಯನ ಜೊತೆಗೇ ಹುಟ್ಟಿ ಮುಳುಗುವುದರಿಂದ ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ.

ನೋಡಬೇಕಾದರೆ ಜನವರಿಯಲ್ಲಿ ಸಂಜೆ ಏಳೂವರೆ ಹೊತ್ತಿಗೆ ಗದ್ದೆ ಬಯಲಿಗೆ ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಮೂರು ಚುಕ್ಕಿ ಸಾಲಾಗಿ ಕಾಣುತ್ತವೆ. ಅವುಗಳ ಎಡಕ್ಕೆ, ಅಂದರೆ ಉತ್ತರದ ಕಡೆಗೆ, ಒಲೆಯಲ್ಲಿ ಉಳಿದ ಕೆಂಡದ ಬಣ್ಣದ್ದೊಂದು ಇದೆಯಲ್ಲ, ಅದೇ ಆರಿದ್ರಾ. ಇಂಗ್ಲಿಷಿನವರು ಬೀಟಲ್‌ಜೂಸ್ ಅನ್ನುತ್ತಾರೆ. ಅದನ್ನು ತಂದು ನಮ್ಮ ಸೂರ್ಯನ ಜಾಗದಲ್ಲಿಟ್ಟರೆ ಭೂಮಿಯನ್ನು ನುಂಗಿ ಮಂಗಳ ಗ್ರಹದ ದಾರಿಯನ್ನೂ ದಾಟಿಬಿಡುತ್ತೆ, ಅಷ್ಟು ದೊಡ್ಡದು.

ಮಂಕಾಗಿದ್ದು ನಿಜ. 2019ರ ಕೊನೆಗೆ ಶುರುವಾಗಿ 2020ರ ಫೆಬ್ರವರಿ ಹೊತ್ತಿಗೆ ಅದರ ಬೆಳಕು ಮಾಮೂಲಿನ ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿದಿತ್ತು. ಬರಿಗಣ್ಣಿಗೇ ಗೊತ್ತಾಗುತ್ತಿತ್ತು. ಇನ್ನೇನು ಸಿಡಿಯುತ್ತೆ ಅಂತ ಎಷ್ಟೋ ಜನ ಕಾದರು. ಆದರೆ ಏಪ್ರಿಲ್ ಹೊತ್ತಿಗೆ ಮತ್ತೆ ಮೊದಲಿನ ಹಾಗೇ ಬೆಳಗಿತು. ಏನಾಗಿತ್ತು ಅನ್ನೋದು ತಿಳಿದದ್ದು ಹಬಲ್ ದೂರದರ್ಶಕದಿಂದ. ಅದು 1990ರಿಂದ ಭೂಮಿಯ ಸುತ್ತ ತಿರುಗುತ್ತಾ ನೋಡುತ್ತಿದೆ. ಅದೃಷ್ಟಕ್ಕೆ ಮಂಕಾಗುವುದಕ್ಕೆ ಮೊದಲೇ, 2019ರಲ್ಲಿ, ಈ ನಕ್ಷತ್ರದಿಂದ ಬರುವ, ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಆಗಾಗ ಅಳೆಯುತ್ತಿತ್ತು. ಆ ವರ್ಷ ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ ನಕ್ಷತ್ರದ ಒಳಗಿಂದ ಬಿಸಿ ಅನಿಲದ ಒಂದು ಭಾರೀ ಮುದ್ದೆ ಗಂಟೆಗೆ 3 ಲಕ್ಷ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹೊರಗೆ ನುಗ್ಗುತ್ತಿದ್ದದ್ದು ಅದರಲ್ಲಿ ಸಿಕ್ಕಿತು. ಅದು ದೂರ ಹೋಗಿ ತಣ್ಣಗಾಗಿ ಧೂಳಾಯಿತು, ಆ ಧೂಳು ನಮಗೂ ನಕ್ಷತ್ರಕ್ಕೂ ನಡುವೆ ಅಡ್ಡ ಬಂತು.

ಇದನ್ನು ನಿಮಗೆ ವಿವರಿಸೋದು ಸುಲಭ, ಯಾಕೆಂದರೆ ನೀವು ಆಲೆಮನೆ ಕಂಡವರು. ಚಿಕ್ಕವಳಿದ್ದಾಗ ಪಾಂಡವಪುರದ ಹತ್ತಿರ ನಮ್ಮಜ್ಜನ ಊರಿನ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಕಬ್ಬಿನ ಹಾಲು ಮೊದಲು ಸಣ್ಣ ಸಣ್ಣ ಗುಳ್ಳೆಯಲ್ಲಿ ಕುದಿಯುತ್ತೆ. ಪಾಕ ಗಟ್ಟಿಯಾಗುತ್ತಾ ಬಂದ ಹಾಗೆ ಗುಳ್ಳೆ ದೊಡ್ಡದಾಗುತ್ತೆ, ತಳದಿಂದ ಎದ್ದು ಬಂದು ಪಟ್ ಅಂತ ಒಡೆಯುತ್ತೆ, ಒಂದೊಂದು ಸಲ ಹನಿ ಆಚೆಗೆ ಸಿಡಿದು ಕೈ ಸುಡುತ್ತೆ. ನಮ್ಮ ಸೂರ್ಯನ ಮೇಲ್ಮೈ ಮೊದಲಿನ ಹಾಲಿನ ಹಾಗೆ, ಲಕ್ಷಾಂತರ ಸಣ್ಣ ಗುಳ್ಳೆ. ಆರಿದ್ರಾ ಕೊನೆಯ ಪಾಕದ ಹಾಗೆ. ಅಲ್ಲಿ ಕೆಲವೇ ಗುಳ್ಳೆ, ಒಂದೊಂದೂ ರಾಕ್ಷಸ ಗಾತ್ರದ್ದು. ಅಂಥದ್ದೊಂದು ಒಡೆದು ಸಿಡಿದ ಹನಿಯೇ 2019ರಲ್ಲಿ ಹೊರಬಂದದ್ದು.

ಅದು ಸಿಡಿಯುತ್ತಾ ಅಂದರೆ, ಸಿಡಿದೇ ಸಿಡಿಯುತ್ತೆ. ಆದರೆ ಅದಕ್ಕೆ ಒಂದು ಲಕ್ಷ ವರ್ಷದಷ್ಟು ಹೊತ್ತು ಇರಬಹುದು ಅಂತ ಲೆಕ್ಕ. ನಮಗೇನೂ ಅಪಾಯವಿಲ್ಲ, ಅಷ್ಟು ದೂರದಲ್ಲಿದೆ. ಅದರ ಬೆಳಕು ನಮ್ಮನ್ನು ಮುಟ್ಟೋದಕ್ಕೆ 550ರಿಂದ 700 ವರ್ಷ ಬೇಕು. ಅಂದರೆ ಈ ಜನವರಿಯಲ್ಲಿ ನಿಮ್ಮ ಗದ್ದೆ ಬದುವಿನ ಮೇಲೆ ನಿಂತು ನೋಡುವ ಬೆಳಕು ಅಲ್ಲಿಂದ ಹೊರಟಾಗ ಯದುರಾಯರು ಮೈಸೂರಿನಲ್ಲಿ ಆಳ್ವಿಕೆ ಶುರು ಮಾಡಿದ 1399ರ ಹಿಂದೆಮುಂದಿನ ಕಾಲ! 2019ರಲ್ಲಿ ಅಂತ ನಾನು ಬರೆದೆನಲ್ಲ, ಅದು ನಾವು ಕಂಡ ವರ್ಷ. ಅಲ್ಲಿ ನಡೆದದ್ದು ಯಾವಾಗಲೋ.

ಇನ್ನೊಂದು ಹೊಸ ಸುದ್ದಿಯನ್ನು ನಿಮ್ಮ ಮಗನಿಗೆ ಹೇಳಿ. ಈ ಚುಕ್ಕಿಯ ಬೆಳಕು ಸುಮಾರು ಆರು ವರ್ಷಕ್ಕೊಮ್ಮೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತಿರುತ್ತೆ, ಯಾಕೆ ಅಂತ ತಲೆಕೆಡಿಸಿಕೊಂಡಿದ್ದರು. ಪಕ್ಕದಲ್ಲೊಂದು ಸಣ್ಣ ಜೊತೆಗಾರ ನಕ್ಷತ್ರ ಸುತ್ತುತ್ತಿರಬೇಕು ಅಂತ ಊಹಿಸಿದ್ದರು. 2025ರ ಜುಲೈಯಲ್ಲಿ ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕದಿಂದ ನೋಡಿದವರು ಅದು ಕಂಡಿತು ಅಂತ ಪ್ರಕಟಿಸಿದರು.

ನಾನು ಸರಸ್ವತಿಪುರಂನ ನಿವೃತ್ತ ಉಪಾಧ್ಯಾಯ. ಆಂಡ್ರೊಮಿಡಾ ಗೆಲಾಕ್ಸಿ (ನಕ್ಷತ್ರಗಳ ಭಾರೀ ಗುಂಪು) ನಾವಿರುವ ಗೆಲಾಕ್ಸಿಯಾದ ಕ್ಷೀರಪಥಕ್ಕೆ ಬಂದು ಡಿಕ್ಕಿ ಹೊಡೆಯುವುದು ಖಂಡಿತ ಎಂದು ಮಕ್ಕಳಿಗೆ ಪಾಠ ಮಾಡಿದ್ದೆ. ಈಗ ಹೊಡೆಯದೆಯೂ ಇರಬಹುದು ಎನ್ನುತ್ತಾರೆ. ಹೀಗೆ ಮಾತು ಬದಲಿಸಿದರೆ ನಂಬುವುದು ಹೇಗೆ?

ಮೇಷ್ಟ್ರೇ, ನೀವು ಪಾಠ ಮಾಡಿದ್ದು ತಪ್ಪಲ್ಲ. 2012ರಲ್ಲಿ ಹಬಲ್ ಅಳತೆಯಿಂದ ಬಂದ ಉತ್ತರ ಅದೇ ಆಗಿತ್ತು. ಸುಮಾರು 400 ಕೋಟಿ ವರ್ಷದಲ್ಲಿ ಡಿಕ್ಕಿ ಅಂತ.

ರಾತ್ರಿ ಬೆಂಗಳೂರು ರಸ್ತೆಯಲ್ಲಿ ದೂರದಿಂದ ಬರುವ ಬಸ್ಸಿನ ದೀಪ ನೋಡಿರುತ್ತೀರಿ. ಹತ್ತಿರ ಬರುತ್ತಿದೆ ಅನ್ನೋದು ಬೇಗ ಗೊತ್ತಾಗುತ್ತೆ. ಆದರೆ ನಮ್ಮ ನೇರಕ್ಕೇ ಬರುತ್ತಿದೆಯಾ, ಪಕ್ಕದಲ್ಲಿ ಹಾದುಹೋಗುತ್ತಾ? ಅದು ತಿಳಿಯೋದು ಕಷ್ಟ. ಆಂಡ್ರೊಮಿಡಾದ್ದೂ ಇದೇ ಕಥೆ. 25 ಲಕ್ಷ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ) ದೂರದಿಂದ ಅದು ಸೆಕೆಂಡಿಗೆ ನೂರು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ನಮ್ಮ ಕಡೆ ಬರುತ್ತಿದೆ, ಬೆಳಕಿನ ಬಣ್ಣ ಎಷ್ಟು ಸರಿದಿದೆ ನೋಡಿದರೆ ಇದು ಗೊತ್ತಾಗುತ್ತೆ. ಪಕ್ಕಕ್ಕೆ ಸರಿಯುವ ವೇಗ ಅಳೆಯೋದೇ ಪೇಚಾಟ. ವರ್ಷಗಟ್ಟಲೆ ನೋಡಿದರೂ ಕೂದಲೆಳೆಯಷ್ಟೂ ಸರಿದ ಹಾಗೆ ಕಾಣಲ್ಲ.

2025ರ ಜೂನ್‌ನಲ್ಲಿ ಬಂದ ಲೆಕ್ಕದಲ್ಲಿ ಹಬಲ್ ಜೊತೆಗೆ ಯೂರೋಪಿನ ಗಯಾ ದೂರದರ್ಶಕದ ಅಳತೆಗಳನ್ನೂ ಬಳಸಿದ್ದಾರೆ. ನಮ್ಮ ಗೆಲಾಕ್ಸಿಯ ಪಕ್ಕದಲ್ಲೇ ಇರುವ ದೊಡ್ಡ ಮೆಗೆಲ್ಲನ್ ಮೋಡ ಎಂಬ ಚಿಕ್ಕ ಗೆಲಾಕ್ಸಿಯ ಎಳೆತವನ್ನೂ ಸೇರಿಸಿದ್ದಾರೆ. ಅಳತೆಯಲ್ಲಿ ಇರಬಹುದಾದ ಹೆಚ್ಚುಕಡಿಮೆಗಳನ್ನೆಲ್ಲ ಹಾಕಿ ಕಂಪ್ಯೂಟರಿನಲ್ಲಿ ಒಂದು ಲಕ್ಷ ಸಲ ಓಡಿಸಿ ನೋಡಿದರು. ಮುಂದಿನ 1,000 ಕೋಟಿ ವರ್ಷದಲ್ಲಿ ಡಿಕ್ಕಿ ಆಗುವ ಸಾಧ್ಯತೆ ಅರ್ಧಕ್ಕರ್ಧ. 400-500 ಕೋಟಿ ವರ್ಷದೊಳಗೆ ನೇರ ಮುಖಾಮುಖಿ ಆಗುವುದು ಶೇಕಡಾ 2 ಮಾತ್ರ.

ನನ್ನ ಮಟ್ಟಿಗೆ ಹೇಳುವುದಾದರೆ, ನನಗೆ ಈ ವಿಜ್ಞಾನಿಗಳ ಮೇಲೆ ನಂಬಿಕೆ ಹೆಚ್ಚಾಗಿದ್ದೇ ಇದರಿಂದ. ಹೊಸ ಅಳತೆ ಸಿಕ್ಕಿತು, ಲೆಕ್ಕ ತಿದ್ದಿದರು, ಎಷ್ಟು ಅನುಮಾನ ಉಳಿದಿದೆ ಅಂತ ಅಂಕಿಯಲ್ಲೇ ಹೇಳಿದರು. ನಿಮ್ಮ ಹಳೇ ವಿದ್ಯಾರ್ಥಿಗಳು ಸಿಕ್ಕರೆ ಇದನ್ನೂ ಹೇಳಿ ಸರ್, ಅವರಿಗೆ ಖುಷಿಯಾಗುತ್ತೆ.

ಅಕ್ಕಾ, ನಾನು ಮೈಸೂರಿನಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಫೋಟೋಗಳ ಬಣ್ಣ ನಿಜವಾದದ್ದಲ್ಲ ಅಂತ ಕ್ಲಾಸಲ್ಲಿ ಒಬ್ಬರು ಹೇಳಿದರು. ಹೌದಾ? ನಮ್ಮ ದೇಶದವರು ಅದರಿಂದ ಏನಾದರೂ ಕಂಡುಹಿಡಿದಿದ್ದಾರಾ?

ಬಣ್ಣ ಸುಮ್ನೆ ಬಳಿದದ್ದಲ್ಲ ಪುಟ್ಟಿ. ಒಲೆ ಆರಿದ ಮೇಲೂ ಕೈ ಒಡ್ಡಿದರೆ ಬಿಸಿ ತಗಲುತ್ತೆ ಅಲ್ವಾ? ಅದು ಕಣ್ಣಿಗೆ ಕಾಣದ ಬೆಳಕು, ಅವಕೆಂಪು. ವೆಬ್ ಹೆಚ್ಚಾಗಿ ನೋಡುವುದು ಅದನ್ನೇ. ಆ ಕಾಣದ ಬೆಳಕಿನಲ್ಲಿ ಉದ್ದ ಅಲೆಗೆ ಕೆಂಪು, ಗಿಡ್ಡ ಅಲೆಗೆ ನೀಲಿ ಅಂತ ಕ್ರಮವಾಗಿ ಬಣ್ಣ ಕೊಡುತ್ತಾರೆ. ನಮ್ಮ ಕಣ್ಣಿಗೆ ಹೊಂದುವ ಹಾಗೆ ಮಾಡಿದ ಅನುವಾದ ಅದು.

ಅವಕೆಂಪೇ ಯಾಕೆ ಬೇಕು ಅಂದರೆ, ತುಂಬಾ ದೂರದ ಬೆಳಕು ಬರುವ ದಾರಿಯಲ್ಲೇ ಹಿಗ್ಗುತ್ತೆ, ಯಾಕೆಂದರೆ ಆಕಾಶವೇ ಹಿಗ್ಗುತ್ತಿದೆ. 2025ರಲ್ಲಿ ಪ್ರಕಟವಾದ ಮಾಮ್-ಝಡ್14 ಎಂಬ ಗೆಲಾಕ್ಸಿಯ ಬೆಳಕು ಇಲ್ಲಿಗೆ ಬರುವಷ್ಟರಲ್ಲಿ 15 ಪಟ್ಟಿಗೂ ಹೆಚ್ಚು ಉದ್ದವಾಗಿದೆ. ವಿಶ್ವ ಹುಟ್ಟಿ 28 ಕೋಟಿ ವರ್ಷ ಆಗಿದ್ದಾಗಿನ ಬೆಳಕು ಅದು, ವಿಶ್ವಕ್ಕೆ ಈಗ 1,380 ಕೋಟಿ ವರ್ಷ.

ನಮ್ಮವರ ಕೆಲಸ ಕೇಳಿದೆಯಲ್ಲ, ಅದನ್ನು ಹೇಳೋಕೆ ನನಗೆ ಬಹಳ ಹೆಮ್ಮೆ. ಪುಣೆಯಲ್ಲಿರುವ ರೇಡಿಯೋ ಖಗೋಳ ಸಂಶೋಧನಾ ಕೇಂದ್ರದ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ್ ವೆಬ್ ಚಿತ್ರಗಳಲ್ಲಿ ಒಂದು ಸುರುಳಿ ಗೆಲಾಕ್ಸಿ ಹುಡುಕಿದರು, 2025ರಲ್ಲಿ ಸುದ್ದಿಯಾಯಿತು. ವಿಶ್ವಕ್ಕೆ ಬರೀ 150 ಕೋಟಿ ವರ್ಷ ಆಗಿದ್ದಾಗಲೇ ಅದಕ್ಕೆ ಎರಡು ಅಚ್ಚುಕಟ್ಟಾದ ತೋಳು, ಸುಮಾರು 30,000 ಜ್ಯೋತಿರ್ವರ್ಷ ಅಗಲದ ತಟ್ಟೆ. ಅಷ್ಟು ಎಳೇ ವಯಸ್ಸಿನ ವಿಶ್ವದಲ್ಲಿ ಗೆಲಾಕ್ಸಿಗಳು ಇನ್ನೂ ಅಸ್ತವ್ಯಸ್ತ ಮುದ್ದೆಗಳಾಗಿರುತ್ತವೆ ಅಂತ ಅಂದುಕೊಂಡಿದ್ದರು! ಹಿಂದಿಯಲ್ಲಿ ಕ್ಷೀರಪಥಕ್ಕೆ ಮಂದಾಕಿನಿ ಅನ್ನುತ್ತಾರೆ, ಅದು ಹಿಮಾಲಯದ ನದಿಯೊಂದರ ಹೆಸರೂ ಹೌದು. ಅದರ ಸೋದರಿ ನದಿ ಅಲಕನಂದಾ. ಈ ಗೆಲಾಕ್ಸಿಗೆ ಆ ಹೆಸರನ್ನೇ ಇಟ್ಟರು.

ಅವರು ಬಳಸಿದ್ದು ಎಲ್ಲರಿಗೂ ತೆರೆದಿಟ್ಟ ಚಿತ್ರಗಳನ್ನು. ವೆಬ್ ಮತ್ತು ಹಬಲ್‌ನ ಕಡತಗಳನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು, ಕೆಲವು ಮಾತ್ರ ಒಂದು ವರ್ಷ ತಡವಾಗಿ ಸಿಗುತ್ತವೆ. ಪಿಯುಸಿ ಪರೀಕ್ಷೆ ಮುಗಿಸಿಕೊಂಡು ರಜೆಯಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿ. ಯಾವ ಕಡತದಿಂದ ಶುರು ಮಾಡಬೇಕು ಅಂತ ಆಗ ಬರೆದು ಕೇಳು, ಹೇಳುತ್ತೇನೆ.