ಐಸ್ ಹಾಕಿಯ ಗುದ್ದಾಟ: ಐದು ನಿಮಿಷದ ಶಿಕ್ಷೆ ಏಕೆ ಸಾಲದು

ವಿರಾಜಪೇಟೆಯ ಓದುಗರೊಬ್ಬರು ಬರೆಯುತ್ತಾರೆ: "2025ರ ಫೆಬ್ರವರಿ 15ರಂದು ಮಾಂಟ್ರಿಯಲ್‌ನಲ್ಲಿ ನಡೆದ ಅಮೆರಿಕ–ಕೆನಡಾ ಐಸ್ ಹಾಕಿ ಪಂದ್ಯದ ವಿಡಿಯೊ ನೋಡಿದೆ. ಮೊದಲ ಒಂಬತ್ತು ಸೆಕೆಂಡಿನ ಆಟದಲ್ಲಿ ಮೂರು ಹೊಡೆದಾಟ! ರೆಫರಿಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ನಮ್ಮ ಕೊಡಗಿನ ಮೈದಾನದಲ್ಲಿ ಹೀಗೆ ಗುದ್ದಿದವನಿಗೆ ಕೆಂಪು ಕಾರ್ಡ್ ಖಚಿತ. ಅಲ್ಲಿ ಇದಕ್ಕೆ ಅನುಮತಿ ಇದೆಯೇ? ಹೊಡೆದಾಟ ಇಲ್ಲದಿದ್ದರೆ ದೊಡ್ಡ ಆಟಗಾರರಿಗೆ ರಕ್ಷಣೆಯೇ ಇಲ್ಲ ಎನ್ನುತ್ತಾರಲ್ಲ, ನಿಜವೇ? ನನ್ನ ಅಣ್ಣನ ಮಗ ಟೊರಾಂಟೊ ಹತ್ತಿರ ಹನ್ನೊಂದನೇ ವಯಸ್ಸಿಗೆ ಈ ಆಟಕ್ಕೆ ಸೇರಿದ್ದಾನೆ, ಅದಕ್ಕೇ ಕೇಳುತ್ತಿದ್ದೇನೆ."

ಮಾನ್ಯರೇ,

ಅನುಮತಿ ಇಲ್ಲ. ಶಿಕ್ಷೆ ಮಾತ್ರ ಬಹಳ ಅಗ್ಗ. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನ 46ನೇ ನಿಯಮದ ಪ್ರಕಾರ ಗುದ್ದಾಡಿದವನಿಗೆ 5 ನಿಮಿಷ ಪೆನಾಲ್ಟಿ ಬಾಕ್ಸ್, ಅಂದರೆ ಆಟದಿಂದ ಹೊರಗೆ ಕೂರುವ ಶಿಕ್ಷೆ. ಇಬ್ಬರೂ ಗುದ್ದಾಡಿದರೆ ಇಬ್ಬರೂ ಕೂರುತ್ತಾರೆ, ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ, ಆಟ ಐದಕ್ಕೆ ಐದಾಗಿಯೇ ಸಾಗುತ್ತದೆ. ಅದೇ ಎದುರಾಳಿಯ ಕಾಲಿಗೆ ಸ್ಟಿಕ್ ಅಡ್ಡ ಹಾಕಿ ಬೀಳಿಸಿದರೆ ತಂಡ 2 ನಿಮಿಷ ಒಬ್ಬನಿಲ್ಲದೆ ಆಡಬೇಕು. ಕಾಲಿಗೆ ತಗುಲಿದ ಕೋಲಿಗೆ ತಂಡ ಬೆಲೆ ತೆರುತ್ತದೆ, ಮುಖಕ್ಕೆ ಬಿದ್ದ ಗುದ್ದಿಗೆ ತೆರುವುದಿಲ್ಲ. ಗುದ್ದಾಟ ಇಷ್ಟು ಕಾಲ ಉಳಿದಿರುವುದರ ಗುಟ್ಟು ಈ ಲೆಕ್ಕದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಈ 5 ನಿಮಿಷದ ಪದ್ಧತಿ 1922ರಷ್ಟು ಹಳೆಯದು. ಆಮೇಲೆ ಬಂದ ಬಿಗಿಯೆಲ್ಲ ಅದರ ಸುತ್ತಮುತ್ತಲಿನದು. ಇಬ್ಬರ ಜಗಳಕ್ಕೆ ಮೂರನೆಯವನು ನುಗ್ಗಿದರೆ ಪಂದ್ಯದಿಂದಲೇ ಹೊರಗೆ. ಜಗಳಕ್ಕೆಂದು ಬೆಂಚಿನಿಂದ ಮೊದಲು ಇಳಿದವನಿಗೆ 10 ಪಂದ್ಯ ಅಮಾನತು. ಒಪ್ಪದವನ ಮೇಲೆ ಬಿದ್ದು ಜಗಳ ಶುರು ಮಾಡಿದವನಿಗೆ 2, 5, 10 ಸೇರಿ ಒಟ್ಟು 17 ನಿಮಿಷ. ಈ ಕೊನೆಯದನ್ನು ರೆಫರಿಗಳು ಕೊಡುವುದು ಅಪರೂಪ, ಏಕೆಂದರೆ ಇಬ್ಬರೂ ಒಪ್ಪಿಯೇ ಗ್ಲೌಸ್ ಬಿಸಾಡಿರುತ್ತಾರೆ.

ರೆಫರಿಗಳು ಸುಮ್ಮನೆ ನಿಂತಂತೆ ಕಂಡಿದ್ದರ ಹಿಂದೆ ಒಂದು ಕ್ರಮವಿದೆ. ಇಬ್ಬರು ರೆಫರಿಗಳು ಉಳಿದ ಆಟಗಾರರನ್ನು ದೂರ ಸರಿಸಿ, ಯಾರು ಏನು ಮಾಡಿದರೆಂದು ಗಮನಿಸುತ್ತಾರೆ. ಬಿಡಿಸುವ ಕೆಲಸ ಇಬ್ಬರು ಲೈನ್ಸ್‌ಮನ್‌ಗಳದು. ಕೈ ಬೀಸುತ್ತಿರುವಾಗ ನಡುವೆ ನುಗ್ಗಿದರೆ ಗುದ್ದು ಅವರಿಗೇ ಬೀಳುತ್ತದೆ. ಒಬ್ಬನ ಕೈ ಮಾತ್ರ ಹಿಡಿದರೆ ಇನ್ನೊಬ್ಬ ಅವನ ಮುಖಕ್ಕೆ ಸಲೀಸಾಗಿ ಹೊಡೆಯುತ್ತಾನೆ. ಹಾಗಾಗಿ ಇಬ್ಬರೂ ದಣಿಯುವವರೆಗೆ ಅಥವಾ ಒಬ್ಬ ಬೀಳುವವರೆಗೆ ಕಾದು, ಒಟ್ಟಿಗೇ ಹೋಗಿ ಒಬ್ಬೊಬ್ಬರನ್ನು ಹಿಡಿಯುತ್ತಾರೆ.

ಗುದ್ದಾಡುವವರ ಎಡಗೈಯನ್ನು ಗಮನಿಸಿ. ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿದ ಕಾಲಿಗೆ ಊರಲು ನೆಲೆಯಿಲ್ಲ. ಜೋರಾಗಿ ಬೀಸಿದರೆ ತಾನೇ ಹಿಂದಕ್ಕೆ ಜಾರುತ್ತಾನೆ. ಅದಕ್ಕೇ ಎದುರಾಳಿಯ ಬಲ ಭುಜದ ಬಳಿ ಜೆರ್ಸಿಯನ್ನು ಮುಷ್ಟಿಯಲ್ಲಿ ಬಿಗಿದು, ಅವನನ್ನೇ ಆಧಾರ ಮಾಡಿಕೊಂಡು ಬಲಗೈ ಬೀಸುತ್ತಾನೆ. ಜೆರ್ಸಿ ತಲೆ ಮೇಲೆ ಎಳೆದುಬಿಟ್ಟರೆ ಎದುರಾಳಿಗೆ ಕಣ್ಣೂ ಇಲ್ಲ, ಕೈಯೂ ಇಲ್ಲ. ಇದನ್ನು ತಡೆಯಲೆಂದೇ ಜೆರ್ಸಿಯ ಹಿಂಬದಿಯ ಪಟ್ಟಿಯನ್ನು ಪ್ಯಾಂಟಿಗೆ ಕಟ್ಟಬೇಕು. ಕಟ್ಟದೆ ಗುದ್ದಾಟದಲ್ಲಿ ಜೆರ್ಸಿ ಕಳಚಿದರೆ ಪಂದ್ಯದಿಂದ ಹೊರಗೆ. ಗುದ್ದಿಗಿಂತ ದೊಡ್ಡ ಅಪಾಯ ಬೀಳುವುದರಲ್ಲಿದೆ. ಒಂಟಾರಿಯೊದ 21 ವರ್ಷದ ಡಾನ್ ಸ್ಯಾಂಡರ್ಸನ್ 2008ರ ಡಿಸೆಂಬರಿನಲ್ಲಿ ಇಂಥದೇ ಒಂದು ಗುದ್ದಾಟದಲ್ಲಿ ಹೆಲ್ಮೆಟ್ ಕಳಚಿ ತಲೆ ಮಂಜುಗಡ್ಡೆಗೆ ಬಡಿದು, ಕೆಲವು ವಾರಗಳ ನಂತರ ತೀರಿಕೊಂಡ. 2013ರಿಂದ ಎನ್‌ಎಚ್‌ಎಲ್‌ನಲ್ಲಿ ಗುದ್ದಾಟಕ್ಕೆ ಮುಂಚೆ ತಾನೇ ಹೆಲ್ಮೆಟ್ ತೆಗೆದವನಿಗೆ ಹೆಚ್ಚುವರಿ 2 ನಿಮಿಷ.

ಇನ್ನು ರಕ್ಷಣೆಯ ಮಾತು. ಎಡ್ಮಂಟನ್‌ನಲ್ಲಿ ಈ ಆಟದ ಮಹಾತಾರೆ ವೇಯ್ನ್ ಗ್ರೆಟ್ಸ್ಕಿಯ ಬೆನ್ನಿಗೆ, ಗುದ್ದಬಲ್ಲ ಕಾವಲುಗಾರನಾಗಿ, ಡೇವ್ ಸೆಮೆಂಕೊ ಇದ್ದರು, ಆಮೇಲೆ ಮಾರ್ಟಿ ಮೆಕ್‌ಸಾರ್ಲಿ. 1988ರಲ್ಲಿ ಗ್ರೆಟ್ಸ್ಕಿ ಲಾಸ್ ಏಂಜಲೀಸ್‌ಗೆ ಹೋದಾಗ ಮೆಕ್‌ಸಾರ್ಲಿಯೂ ಜೊತೆಗೇ ಹೋದರು. ಇದನ್ನೇ ಎಲ್ಲರೂ ಉದಾಹರಿಸುವುದು. ನಾವು 2004ನ್ನು ಮುಂದಿಡುತ್ತೇವೆ. ಫೆಬ್ರವರಿಯಲ್ಲಿ ಕೊಲೊರಾಡೊದ ಸ್ಟೀವ್ ಮೂರ್, ವ್ಯಾಂಕೂವರ್ ನಾಯಕ ಮಾರ್ಕಸ್ ನಾಸ್ಲುಂಡ್‌ಗೆ ಡಿಕ್ಕಿ ಹೊಡೆದು ತಲೆಗೆ ಪೆಟ್ಟು ಮಾಡಿದರು. ರೆಫರಿಗಳು ಶಿಕ್ಷೆ ಕೊಡಲಿಲ್ಲ. ಮಾರ್ಚ್ 8ರಂದು ತಂಡಗಳು ಮತ್ತೆ ಎದುರಾದಾಗ, ಬರೆಯದ ಕಟ್ಟಳೆಯಂತೆ ಮೂರ್ ಮೊದಲ ಅವಧಿಯಲ್ಲೇ ವ್ಯಾಂಕೂವರ್ ತಂಡದ ಮ್ಯಾಟ್ ಕುಕ್ ಜೊತೆ ಗುದ್ದಾಡಿ ಲೆಕ್ಕ ತೀರಿಸಿದರು. ಅಷ್ಟಕ್ಕೇ ಮುಗಿಯಬೇಕಿತ್ತು, ಮುಗಿಯಲಿಲ್ಲ. ಮೂರನೇ ಅವಧಿಯಲ್ಲಿ ಅದೇ ತಂಡದ ಟಾಡ್ ಬರ್ಟುಜಿ ಹಿಂದಿನಿಂದ ಬಂದು ಮೂರ್ ಅವರಿಗೆ ಗುದ್ದಿ, ಅವರ ಮೇಲೇ ಬಿದ್ದರು. ಮೂರ್ ಅವರ ಕತ್ತಿನ ಮೂಳೆಗಳು ಮುರಿದವು. ಮತ್ತೆಂದೂ ಅವರು ಎನ್‌ಎಚ್‌ಎಲ್‌ನಲ್ಲಿ ಆಡಲಿಲ್ಲ. ಗುದ್ದಾಟ ಸೇಡನ್ನು ತಣಿಸುತ್ತದೆ ಎನ್ನುವವರು ಈ ಸಂಜೆಗೆ ಉತ್ತರ ಕೊಡಬೇಕು. 1998ರಿಂದ 2014ರವರೆಗಿನ ಐದು ಒಲಿಂಪಿಕ್ಸ್‌ಗಳಲ್ಲಿ ಇದೇ ಲೀಗ್‌ನ ತಾರೆಗಳು ಆಡಿದರು. ಅಲ್ಲಿ ಗುದ್ದಿದವನು ಪಂದ್ಯದಿಂದ ಹೊರಗೆ, ಅವರ ಬೆನ್ನಿಗೆ ಕಾವಲುಗಾರರಿರಲಿಲ್ಲ. ಆಟವೇನೂ ಸಪ್ಪೆಯಾಗಲಿಲ್ಲ.

ಕಾವಲುಗಾರರ ಪಾಡು ನೋಡಿ. ಡೆರೆಕ್ ಬೂಗಾರ್ಡ್ 277 ಪಂದ್ಯಗಳಲ್ಲಿ ಹೊಡೆದದ್ದು 3 ಗೋಲು. ಅವರ ಕೆಲಸ ಗುದ್ದುವುದಾಗಿತ್ತು. 2011ರಲ್ಲಿ, 28ನೇ ವಯಸ್ಸಿಗೆ, ನೋವುನಿವಾರಕ ಮಾತ್ರೆ ಮತ್ತು ಮದ್ಯ ಸೇರಿ ಪ್ರಾಣ ಹೋಯಿತು. ತಲೆಗೆ ಪದೇ ಪದೇ ಪೆಟ್ಟು ಬಿದ್ದವರಲ್ಲಿ ಕಾಣುವ ಸಿಟಿಇ ಎಂಬ ಮಿದುಳಿನ ಕಾಯಿಲೆ ಅವರಿಗಿತ್ತೆಂದು ಸತ್ತ ಮೇಲೆ ತಿಳಿಯಿತು. ಅದನ್ನು ಖಚಿತಪಡಿಸಿಕೊಳ್ಳಲು ಸಾಧ್ಯವಿರುವುದೂ ಆಗಲೇ.

ಹಾಗೆಂದು ಈ ಆಟಕ್ಕೆ ಗಟ್ಟಿತನ ಬೇಡವೆನ್ನಲಾರೆವು. 2013ರ ಜೂನ್‌ನಲ್ಲಿ ಬಾಸ್ಟನ್‌ನ ಗ್ರೆಗೊರಿ ಕ್ಯಾಂಬೆಲ್, ಪಿಟ್ಸ್‌ಬರ್ಗ್‌ನ ಮಾಲ್ಕಿನ್ ಹೊಡೆದ ಪಕ್‌ಗೆ ಅಡ್ಡಬಿದ್ದರು. ಸುಮಾರು 170 ಗ್ರಾಂ ತೂಕದ, ಪುಟಿಯದಿರಲೆಂದು ಹೆಪ್ಪುಗಟ್ಟಿಸಿದ ರಬ್ಬರ್ ಅದು. ಕಾಲಿನ ಮೂಳೆ ಮುರಿಯಿತು. ತಂಡದಲ್ಲಿ ಆಗಲೇ ಒಬ್ಬ ಕಡಿಮೆ. ಅವರು ಒಂದೇ ಕಾಲಿನ ಮೇಲೆ ಭಾರ ಹಾಕಿ, ಮುಕ್ಕಾಲು ನಿಮಿಷದಷ್ಟು ಹೊತ್ತು ಎದುರಾಳಿಗೆ ಅಡ್ಡ ನಿಂತೇ ಇದ್ದರು. ಬಾಸ್ಟನ್ ಗೋಲು ಬಿಟ್ಟುಕೊಡಲಿಲ್ಲ.

ಗುದ್ದಾಟ ಈಗ ಬಹಳ ಇಳಿದಿದೆ. 2005ರಿಂದ ತಂಡಗಳ ಸಂಬಳಕ್ಕೆ ಮಿತಿ ಬಂತು, ಅಡ್ಡಗಟ್ಟುವುದರ ಮೇಲೆ ಬಿಗಿ ಬಂತು, ಆಟದ ವೇಗ ಏರಿತು. ಪಂದ್ಯಕ್ಕೆ ಇಳಿಸಲು ಸಿಗುವುದು ಗೋಲ್ ಕೀಪರುಗಳ ಹೊರತು 18 ಜನ. ಅದರಲ್ಲಿ ಒಬ್ಬನನ್ನು ನಾಲ್ಕೈದು ನಿಮಿಷದ ಆಟಕ್ಕೆ, ಬರೀ ಗುದ್ದಲು ಇಟ್ಟುಕೊಳ್ಳುವುದು ಯಾವ ಕೋಚ್‌ಗೂ ಗಿಟ್ಟುವುದಿಲ್ಲ. ಕ್ವಿಬೆಕ್‌ನ ಜೂನಿಯರ್ ಲೀಗ್ 2023ರಲ್ಲಿ ಗುದ್ದಿದವನನ್ನು ಪಂದ್ಯದಿಂದಲೇ ಹೊರಹಾಕುವ ನಿಯಮ ತಂದಿತು. ಎನ್‌ಎಚ್‌ಎಲ್ ಕೂಡ ಅದನ್ನೇ ಮಾಡಬೇಕು.

ನಿಮ್ಮ ಅಣ್ಣನ ಮಗನ ವಿಷಯದಲ್ಲಿ ಧೈರ್ಯವಾಗಿರಿ. ಕೆನಡಾದಲ್ಲಿ ಅವನ ವಯಸ್ಸಿನವರಿಗೆ ಮೈಯಿಂದ ಡಿಕ್ಕಿ ಹೊಡೆಯುವುದಕ್ಕೂ ಅವಕಾಶವಿಲ್ಲ, ಗುದ್ದಿದರೆ ಪಂದ್ಯದಿಂದ ಹೊರಗೆ, ಪೂರ್ತಿ ಮುಖ ಮುಚ್ಚುವ ಜಾಲರಿ ಕಡ್ಡಾಯ. ಹದಿಮೂರು ದಾಟಿ, ಡಿಕ್ಕಿ ಇರುವ ತಂಡಕ್ಕೆ ಹೋಗುವುದಾದರೆ ಮೊದಲು ಡಿಕ್ಕಿ ತಾಳುವುದನ್ನು ಕಲಿಯಲಿ: ಅಂಗಳದ ಸುತ್ತಲಿನ ಗೋಡೆಯಿಂದ ಮೂರ್ನಾಲ್ಕು ಅಡಿ ದೂರದಲ್ಲಿ ನಿಂತು ಸಿಕ್ಕಿಕೊಳ್ಳಬಾರದು, ಒಂದೋ ಗೋಡೆಗೆ ಪೂರ್ತಿ ಅಂಟಿರಬೇಕು, ಇಲ್ಲವೇ ದೂರವಿರಬೇಕು. ತಲೆ ಯಾವಾಗಲೂ ಮೇಲೆತ್ತಿರಲಿ. ಹೆಲ್ಮೆಟ್‌ನ ಗಲ್ಲದ ಪಟ್ಟಿ ಸಡಿಲವಿದೆಯೇ ಎಂದು ಪ್ರತಿ ಸಲ ಮನೆಯವರೇ ಎಳೆದು ನೋಡಲಿ.

— ಸಂಪಾದಕರು