ಸೀಮ್, ಅಪಿಯರ್‌ಗೆ ಅರಬಿಯಲ್ಲಿ ಯಾವ ಪದ? ಮೊದಲು ಕನ್ನಡದಲ್ಲಿ ಹೇಳಿ ನೋಡಿ

ಅಕ್ಕ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಫೋನಿನಲ್ಲಿ ಇಷ್ಟುದ್ದ ಕುಟ್ಟೋಕೆ ಆಗಲಿಲ್ಲ. ಇವತ್ತು ರಜೆ, ಲ್ಯಾಪ್‌ಟಾಪ್ ಮುಂದೆ ಕೂತಿದ್ದೇನೆ.

ಈಗ ಓದುತ್ತಿರುವವರಿಗಾಗಿ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಬಿಡುತ್ತೇನೆ. ಅಕ್ಕ ದುಬೈನ ಒಂದು ಹೋಟೆಲಿನ ರಿಸೆಪ್ಶನ್‌ನಲ್ಲಿದ್ದಾರೆ. ಅತಿಥಿಯೊಬ್ಬರ ದೂರಿನ ಬಗ್ಗೆ ಇಂಗ್ಲಿಷಿನಲ್ಲಿರುವ ವರದಿಯನ್ನು ಅರಬಿಗೆ ಹಾಕಬೇಕು. ಅದರಲ್ಲಿ ಐದು ಕಡೆ ಸೀಮ್, ಅಪಿಯರ್, ಅಪ್ಯಾರೆಂಟ್ ಬಂದಿವೆ. ಅತಿಥಿ ಸುಸ್ತಾದ ಹಾಗೆ ಕಂಡರು. ಬ್ಯಾಗ್ ಕಳೆದುಹೋದ ಹಾಗಿದೆ. ಗಂಡಸೊಬ್ಬ ಬಾಗಿಲ ಹತ್ತಿರ ಕಾಣಿಸಿಕೊಂಡ. ನೌಕರ ವಿಚಾರಣಾ ಸಮಿತಿಯ ಮುಂದೆ ಹಾಜರಾಗಬೇಕು. ಐದನೆಯದು 'ಅಪ್ಯಾರೆಂಟ್ ಡ್ಯಾಮೇಜ್'. ಫೋನಿನ ಅನುವಾದ ಒಮ್ಮೆ 'ಯಬ್ದೂ' ಅನ್ನುತ್ತೆ, ಇನ್ನೊಮ್ಮೆ 'ಯಜ್‌ಹರು' ಅನ್ನುತ್ತೆ. ಕೆಳಗೆ ಒಬ್ಬರು 'ಎರಡೂ ಒಂದೇ, ಯಾವುದಾದರೂ ಹಾಕಿ' ಅಂತ ಬರೆದಿದ್ದಾರೆ.

ಒಂದೇ ಅಲ್ಲ. ಹಾಗೆ ಹಾಕಿಯೇ ನಾನು ಬೈಸಿಕೊಂಡಿದ್ದು.

ಮೇಲೆ ನಿಮ್ಮ ವಾಕ್ಯಗಳನ್ನು ಸುಮ್ನೆ ಕನ್ನಡಕ್ಕೆ ಹಾಕಿದೆನಲ್ಲ, ಅದನ್ನೇ ಇನ್ನೊಮ್ಮೆ ನೋಡಿ. 'ಹಾಗೆ ಕಂಡರು', 'ಹಾಗಿದೆ', 'ಕಾಣಿಸಿಕೊಂಡ', 'ಹಾಜರಾಗಬೇಕು'. ನಾಲ್ಕು ಕಡೆ ನಾಲ್ಕು ಬೇರೆ ಪದ ತಾನಾಗಿ ಬಂದವು. ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಒಂದೇ ಅಪಿಯರ್ ಸಾಕು. ಈ ವಿಷಯದಲ್ಲಿ ಅರಬಿ ಇಂಗ್ಲಿಷಿಗಿಂತ ಕನ್ನಡಕ್ಕೇ ಹತ್ತಿರ. ಅದಕ್ಕೇ ನನ್ನ ರೂಢಿ ಇಷ್ಟು: ಇಂಗ್ಲಿಷಿನಿಂದ ನೇರ ಅರಬಿಗೆ ಹಾರಬೇಡಿ, ನಡುವೆ ಕನ್ನಡದಲ್ಲಿ ಒಂದು ಸಲ ಇಳಿದು ಹೋಗಿ.

ಮೊದಲು ಕಾಣಿಸಿಕೊಳ್ಳೋದು. ಇಲ್ಲದಿದ್ದದ್ದು ಕಣ್ಣಿಗೆ ಬಿತ್ತು, ಮರೆಯಲ್ಲಿದ್ದದ್ದು ಹೊರಗೆ ಬಂತು. ಇದಕ್ಕೆ 'ಜಹರ', ವರ್ತಮಾನದಲ್ಲಿ 'ಯಜ್‌ಹರು'. ನಾನು 'ಜ' ಅಂತ ಬರೆಯುತ್ತಿರುವುದು 'ಜಾ' ಅಕ್ಷರ, ಗಲ್ಫಿನವರ ಬಾಯಲ್ಲಿ ಅದು ನಾಲಿಗೆ ಹಲ್ಲಿನ ನಡುವೆ ಇಟ್ಟ ದಪ್ಪ 'ದ' ಆಗಿ ಕೇಳಿಸುತ್ತೆ. ಗಾಬರಿಯಾಗಬೇಡಿ. ಈ ಪದದ ನೆಂಟ ನಿಮಗೆ ಆಗಲೇ ಗೊತ್ತು: ಜಾಹೀರು, ಜಾಹೀರಾತು. ಅರಬಿಯ 'ಜಾಹಿರ್', ಅಂದರೆ ಹೊರಗೆ ಕಾಣುವಂಥದ್ದು, ಪಾರಸಿ ದಾರಿಯಲ್ಲಿ ನಮ್ಮ ಕಡೆಗೆ ಬಂದು ಪೇಪರಿನ ಜಾಹೀರಾತಾಗಿ ಕೂತಿದೆ. ಜಾಹೀರು ಮಾಡೋದು ಅಂದರೆ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಮಾಡೋದು. ಜಹರ ಕೂಡ ಅಷ್ಟೇ.

ಹಾಗಾಗಿ ನಿಮ್ಮ ಮೂರನೇ ವಾಕ್ಯಕ್ಕೆ 'ಜಹರ ರಜುಲುನ್ ಇಂದಲ್ ಬಾಬ್' ಸರಿ. ಬಾಗಿಲ ಹತ್ತಿರ ಗಂಡಸೊಬ್ಬ ಕಾಣಿಸಿಕೊಂಡ.

ಎರಡನೆಯದು ನೋಡಿ ಅನಿಸೋದು. 'ಹಾಗೆ ಕಾಣುತ್ತೆ', 'ಹಾಗಿದೆ', 'ಅಂತ ತೋರುತ್ತೆ'. ಇದರ ಪದ 'ಬದಾ', ವರ್ತಮಾನದಲ್ಲಿ 'ಯಬ್ದೂ'. ನಿಮ್ಮ ಮೊದಲ ಎರಡು ವಾಕ್ಯ ಇಲ್ಲಿಗೆ ಬರುತ್ತವೆ. ಇದು ಮೂರು ರೀತಿಯಲ್ಲಿ ಕೂರುತ್ತೆ. ಸ್ವಲ್ಪ ನಿಧಾನವಾಗಿ ನೋಡೋಣ, ಜನ ಎಡವೋದು ಇಲ್ಲೇ.

ಒಂದು, 'ಬದದ್ದೈಫು ಮುತ್‌ಅಬನ್'. ಅತಿಥಿ ಸುಸ್ತಾದ ಹಾಗೆ ಕಂಡರು. ಕೊನೆಯ 'ಅನ್' ಮರೆಯಬೇಡಿ, ಆ ಪದ ನಸಬ್‌ನಲ್ಲಿ, ಅಂದರೆ ನಮ್ಮ ದ್ವಿತೀಯೆಯಂಥ ವಿಭಕ್ತಿಯಲ್ಲಿ, ಇರಬೇಕು. ಹೆಂಗಸಾದರೆ 'ಬದತ್', 'ಮುತ್‌ಅಬತನ್'.

ಎರಡು, 'ಯಬ್ದೂ ಅನ್ನ' ಅಂತ ಹೇಳಿ ಆಮೇಲೆ ಪೂರ್ತಿ ವಾಕ್ಯ. (ಊಟದ ಅನ್ನ ಅಲ್ಲ, ನಮ್ಮ 'ಅಂತ' ಮಾಡುವ ಕೆಲಸ ಇದರದ್ದು.) 'ಯಬ್ದೂ ಅನ್ನಲ್ ಹಕೀಬ ಕದ್ ಫುಕಿದತ್', ಬ್ಯಾಗ್ ಕಳೆದುಹೋದ ಹಾಗಿದೆ. ಇಲ್ಲಿ ಯಬ್ದೂ ಗಂಡು ಹೆಣ್ಣು ನೋಡಲ್ಲ, ಒಂದೇ ರೂಪ. ನಮ್ಮ 'ಅನಿಸುತ್ತೆ' ಕೂಡ ಯಾರಿಗಾದರೂ 'ಅನಿಸುತ್ತೆ'ನೇ ಅಲ್ವಾ, ಹಾಗೆ. ಇನ್ನೊಂದು ಮಾತು, ಈ 'ಅನ್ನ' ಆದ ಕೂಡಲೇ ಕ್ರಿಯಾಪದ ತರಬೇಡಿ. ನಾಮಪದವೋ ಸರ್ವನಾಮವೋ ಬರಲೇಬೇಕು. 'ಯಬ್ದೂ ಅನ್ನ ಸಾಫರ' ತಪ್ಪು. 'ಯಬ್ದೂ ಅನ್ನಹು ಸಾಫರ' ಸರಿ, ಅವನು ಊರಿಗೆ ಹೊರಟ ಹಾಗಿದೆ.

ಮೂರು, ನನಗೆ ಬಲು ಇಷ್ಟದ್ದು. 'ಯಬ್ದೂ ಅಲೈಕ-ತ್ತಅಬ್'. ಅಕ್ಷರಕ್ಕೆ ಅಕ್ಷರ ಹಾಕಿದರೆ 'ನಿಮ್ಮ ಮೇಲೆ ಸುಸ್ತು ಕಾಣುತ್ತಿದೆ'. ನಾವು 'ಮುಖದ ಮೇಲೆ ಸುಸ್ತು ಕಾಣ್ತಿದೆ' ಅನ್ನೋದಿಲ್ವಾ, ಅದೇ. ಇಂಗ್ಲಿಷ್ ಇಟ್ಟುಕೊಂಡು ಅನುವಾದ ಮಾಡುವವರಿಗೆ ಇದು ಹೊಳೆಯೋದೇ ಇಲ್ಲ. ನಿಮ್ಮ ಅತಿಥಿಗೆ 'ಬದಾ ಅಲದ್ದೈಫಿ-ತ್ತಅಬ್' ಅಂತ ಬರೆದರೆ ಓದುವ ಅರಬರಿಗೆ ಇದು ಅನುವಾದ ಅಂತ ಗೊತ್ತೇ ಆಗಲ್ಲ.

ಹಾಗಾದರೆ 'ಜಹರದ್ದೈಫು ಮುತ್‌ಅಬನ್' ಅಂದರೆ ಏನಾಗುತ್ತೆ? ವ್ಯಾಕರಣ ಸರಿ, ಕಥೆ ಬೇರೆ. ಅತಿಥಿ ಸುಸ್ತಾಗಿ ಎಲ್ಲಿಂದಲೋ ಬಂದು ಎದುರು ನಿಂತರು ಅಂತಾಗುತ್ತೆ. ಟಿವಿಯಲ್ಲಿ ಯಾವುದೋ ನಾಯಕರು ಬಹಳ ದಿನದ ಮೇಲೆ ಬಳಲಿದ ಮುಖದಲ್ಲಿ ಕಾಣಿಸಿಕೊಂಡರೆ ಹಾಗೆ ಬರೆಯುತ್ತಾರೆ. ನಿಮ್ಮ ಅತಿಥಿ ಆಗಲೇ ಲಾಬಿಯಲ್ಲಿ ಕೂತಿದ್ದರಲ್ಲ.

'ಯಜ್‌ಹರು ಅನ್ನ' ಅಂತಲೂ ಇದೆ, ತಪ್ಪಲ್ಲ. ಆದರೆ ನನ್ನ ಕಿವಿಗೆ ಅದರಲ್ಲಿ ಸಾಕ್ಷಿ ಕಣ್ಣ ಮುಂದೆ ಇದೆ ಅನ್ನೋ ಧಾಟಿ ಸ್ವಲ್ಪ ಜಾಸ್ತಿ. ಇನ್ನೊಂದು ತೊಂದರೆ, ಸ್ವರಚಿಹ್ನೆ ಹಾಕದೆ ಬರೆದರೆ 'ಯಜ್‌ಹರು' ಮತ್ತು 'ಯುಜ್‌ಹಿರು', ಅಂದರೆ 'ತೋರಿಸುತ್ತದೆ', ಎರಡೂ ಕಾಗದದ ಮೇಲೆ ಒಂದೇ. ಭೂತಕಾಲದ ರೂಪ ಇನ್ನೂ ಕಷ್ಟ. ಅವೇ ಮೂರು ಅಕ್ಷರವನ್ನು ಜಹರ ಅಂತ ಓದಿದರೆ ಕಾಣಿಸಿಕೊಂಡ, ಜಹ್ರ್ ಅಂದರೆ ಬೆನ್ನು, ಜುಹ್ರ್ ಅಂದರೆ ಮಧ್ಯಾಹ್ನ. ಅನುಮಾನವಿದ್ದ ಕಡೆ ಯಬ್ದೂ ಹಾಕಿ ಬಚಾವಾಗಿ.

ಯಬ್ದೂ ಬರೆಯುವಾಗ ಕೊನೆಗೆ ವಾವ್ ಅಕ್ಷರ ಮಾತ್ರ. ಅದರ ಮುಂದೆ ಅಲಿಫ್ ಇಡಬೇಡಿ. ಆ ವಾವ್ ಧಾತುವಿನದ್ದೇ, ಬಹುವಚನದ್ದಲ್ಲ. ನಾನು ಒಂದು ವರ್ಷ ಅಲಿಫ್ ಇಟ್ಟೇ ಬರೆದೆ, ಯಾರೂ ಹೇಳಲಿಲ್ಲ. 'ಇಲ್ಲ' ಅನ್ನುವ 'ಲಮ್' ಹಿಂದೆ ಬಂದರೆ ಆ ವಾವ್ ಕೂಡ ಬಿದ್ದುಹೋಗುತ್ತೆ: 'ಲಮ್ ಯಬ್ದು'.

ಇನ್ನು ಹಾಜರಾಗೋದು. ನಾನು ಬೈಸಿಕೊಂಡ ಕಥೆ ಇದೇ. ಶಾರ್ಜಾದಲ್ಲಿ ಒಂದು ಟೈಪಿಂಗ್ ಸೆಂಟರ್‌ಗೆ ಸೇರಿದ ಹೊಸದು. ಒಂದು ಕಂಪನಿಯ ಪತ್ರ ಬಂತು, ನೌಕರ ಸಮಿತಿಯ ಮುಂದೆ ಅಪಿಯರ್ ಆಗಬೇಕು ಅಂತ. ನಾನು ಧೈರ್ಯವಾಗಿ 'ಅನ್ ಯಜ್‌ಹರ ಅಮಾಮಲ್ಲಜ್ನ' ಅಂತ ಟೈಪ್ ಮಾಡಿದೆ. ನಮ್ಮಲ್ಲಿ ತಿದ್ದುತ್ತಿದ್ದವರು ಸುಡಾನಿನ ಒಬ್ಬ ಹಿರಿಯರು. ಓದಿದರು, ಕನ್ನಡಕ ತೆಗೆದಿಟ್ಟರು, ಎದ್ದು ಹೋಗಿ ಫೈಲಿನ ಬೀರು ಬಾಗಿಲ ಹಿಂದೆ ನಿಂತು ತಲೆ ಮಾತ್ರ ಹೊರಗೆ ಹಾಕಿ 'ಹೀಗಾ?' ಅಂದರು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ಆಮೇಲೆ ಕೆಂಪು ಪೆನ್ನಿನಲ್ಲಿ 'ಯಮ್‌ಥುಲ' ಅಂತ ಬರೆದುಕೊಟ್ಟರು. ಕೋರ್ಟು, ಸಮಿತಿ, ಅಧಿಕಾರಿ ಮುಂದೆ ಹಾಜರಾಗೋದಕ್ಕೆ 'ಮಥಲ ಅಮಾಮ'. ಸಭೆಗೋ ಮದುವೆಗೋ ಹೋಗೋದಾದರೆ 'ಹದರ', ನಮ್ಮ 'ಹಾಜರು' ಹುಟ್ಟಿದ್ದು ಆ ಬೇರಿನಿಂದಲೇ. ನಿಮ್ಮ ನಾಲ್ಕನೇ ವಾಕ್ಯ ಹೀಗಿರಲಿ: 'ಯಜಿಬು ಅಲಲ್ ಮುವಜ್ಜಫಿ ಅನ್ ಯಮ್‌ಥುಲ ಅಮಾಮ ಲಜ್ನತಿ-ತ್ತಹ್ಕೀಕ್'.

ಇದೇ ಜಾತಿಯ ಇನ್ನೆರಡು. ಪುಸ್ತಕ ಹೊರಬರೋದಕ್ಕೆ 'ಸದರ'. ಪಟ್ಟಿಯಲ್ಲಿ ಹೆಸರು ಇರೋದಕ್ಕೆ 'ವರದ'. ಇಂಗ್ಲಿಷಿನಲ್ಲಿ ಎಲ್ಲದಕ್ಕೂ ಅಪಿಯರ್ ನಡೆಯುತ್ತೆ, ಅದನ್ನು ಕಟ್ಟಿಕೊಂಡು ನಮಗೇನು.

ನಿಮ್ಮ ವರದಿಯಲ್ಲಿ ಇಲ್ಲದಿದ್ದರೂ ಇನ್ನೂ ಒಂದು ಬಗೆ ಹೇಳಲೇಬೇಕು. ಹಾಗೆ ಕಂಡಿತು, ಆದರೆ ಹಾಗಿರಲಿಲ್ಲ. ಜುಲೈ ಮಧ್ಯಾಹ್ನ ಅಲ್ ಐನ್ ರಸ್ತೆಯಲ್ಲಿ ಹೋಗಿದ್ದರೆ ಗೊತ್ತಿರುತ್ತೆ. ಮುಂದೆ ಟಾರಿನ ಮೇಲೆ ನೀರು ನಿಂತ ಹಾಗೆ ಹೊಳೆಯುತ್ತೆ, ಹತ್ತಿರ ಹೋದರೆ ಒಣ ರಸ್ತೆ. ನಮಗೆ ಬಿಸಿಲ್ಗುದುರೆ, ಅವರಿಗೆ 'ಸರಾಬ್'. ಆ ನೀರಿಗೆ ಬರೀ ಯಬ್ದೂ ಸಪ್ಪೆ. 'ಖುಯ್ಯಿಲ ಇಲಯ್ಯ ಅನ್ನಹು ಮಾಅ್' ಅನ್ನಿ, ನೀರೇನೋ ಅಂತ ನನಗೆ ಭ್ರಮೆಯಾಯಿತು. ಇದು ಕರ್ಮಣಿ ಪ್ರಯೋಗ. ಭ್ರಮೆ ಯಾರಿಗಾಯಿತೋ ಅವರ ಹಿಂದೆ 'ಇಲಾ' ಬರುತ್ತೆ. ಇದೇ ಬೇರಿನ ಪದ 'ಖಯಾಲ್', ನಮ್ಮ ಖಯಾಲಿ ಬಂದದ್ದು ಅಲ್ಲಿಂದಲೇ. ಕುರಾನಿನಲ್ಲಿ ಮೂಸಾ ಮತ್ತು ಮಂತ್ರವಾದಿಗಳ ಪ್ರಸಂಗದಲ್ಲಿ (20ನೇ ಅಧ್ಯಾಯ, 66ನೇ ವಚನ) ಹಗ್ಗ, ಕೋಲುಗಳು ಅವರ ಮಾಟದಿಂದ ಓಡಾಡುವಂತೆ ಕಂಡವು ಅನ್ನುವಲ್ಲಿ ಬರುವುದು ಇದೇ ಕ್ರಿಯಾಪದ. ಅಲ್ಲಿ ಯಬ್ದೂ ಇಲ್ಲ, ಯಜ್‌ಹರು ಇಲ್ಲ. ಕಂಡದ್ದು ಸುಳ್ಳು ಅನ್ನೋದು ಆ ಕ್ರಿಯಾಪದದಲ್ಲೇ ಇದೆ.

'ಕಅನ್ನ' ಕೂಡ ಗೊತ್ತಿರಲಿ, 'ಏನೋ ಎಂಬಂತೆ'. 27ನೇ ಅಧ್ಯಾಯದ 42ನೇ ವಚನದಲ್ಲಿ ಸಬಾದ ರಾಣಿಗೆ ಅವಳದೇ ಸಿಂಹಾಸನವನ್ನು ಗುರುತು ಬದಲಿಸಿ ತೋರಿಸುತ್ತಾರೆ. 'ನಿನ್ನ ಸಿಂಹಾಸನ ಹೀಗೇ ಇದೆಯಾ?' ಅಂತ ಕೇಳಿದರೆ ಅವಳು 'ಕಅನ್ನಹು ಹುವ' ಅನ್ನುತ್ತಾಳೆ. ಅದೇ ಇದ್ದ ಹಾಗಿದೆ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಜಾಣೆ. ದೂರಿನ ಪತ್ರಕ್ಕೆ ಉತ್ತರ ಬರೆಯುವ ನಮ್ಮಂಥವರು ಕಲಿಯಬೇಕಾದ ಮಾತು!

ಕನ್ನಡದ ಮೂಲಕ ಹೋಗಿ ಅಂದೆನಲ್ಲ, ಆ ದಾರಿಯಲ್ಲೂ ಎರಡು ಗುಂಡಿ ಇವೆ. ಒಂದು ನಮ್ಮ 'ಅನಿಸುತ್ತೆ'. 'ಈ ಕೋಣೆ ದುಬಾರಿ ಅನಿಸುತ್ತೆ' ಅನ್ನುವಾಗ ನಾವು ಅಭಿಪ್ರಾಯ ಹೇಳುತ್ತಿದ್ದೇವೆ. ಅದಕ್ಕೆ 'ಅಜುನ್ನು ಅನ್ನ' ಅಂದರೆ ಸರಿ, ಯಬ್ದೂ ಬೇಡ. ಆದರೆ 'ಹೋಗೋಣ ಅನಿಸಿತು' ಅಂತ ಮನಸ್ಸಿಗೆ ಬಂದದ್ದಕ್ಕೆ 'ಬದಾ ಲೀ' ಚೆನ್ನಾಗಿ ಹೊಂದುತ್ತೆ. 'ಲೀ' ಅಂದರೆ 'ನನಗೆ', ನಮ್ಮ ಚತುರ್ಥಿಯ ಹಾಗೇ.

ಇನ್ನೊಂದು ಗುಂಡಿ 'ಅಂತೆ'. 'ಅವರು ಬಂದಿದ್ದರಂತೆ' ಅನ್ನೋದನ್ನು ಇಂಗ್ಲಿಷಿನವರು ಅಪ್ಯಾರೆಂಟ್ಲಿ ಅಂತ ಬರೆಯುತ್ತಾರೆ, ನಾವು ಅದನ್ನು ಯಬ್ದೂ ಮಾಡುತ್ತೇವೆ. ಕಣ್ಣಲ್ಲಿ ನೋಡಿ ಊಹಿಸಿದ್ದಾದರೆ 'ಅಲಾ ಮಾ ಯಬ್ದೂ' ಸರಿ. ಯಾರೋ ಹೇಳಿದ್ದನ್ನು ಕೇಳಿದ್ದಾದರೆ 'ಯುಕಾಲು ಇನ್ನ' ಬರಬೇಕು. ಅಲ್ಲಿ 'ಅನ್ನ' ಅಲ್ಲ, 'ಇನ್ನ'. ದೂರಿನ ವರದಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ನೀವೇ ನೋಡಿದ್ದಾ, ಹೌಸ್‌ಕೀಪಿಂಗ್‌ನವರು ಹೇಳಿದ್ದಾ ಅಂತ ನಾಳೆ ಕೇಳೇ ಕೇಳುತ್ತಾರೆ.

'ಐ ಕಾಂಟ್ ಸೀಮ್ ಟು' ಅನ್ನೋದು ಸಿಕ್ಕರೆ ಸೀಮ್ ಮರೆತುಬಿಡಿ. 'ಎಷ್ಟು ಪ್ರಯತ್ನ ಮಾಡಿದರೂ ಆಗ್ತಿಲ್ಲ' ಅಂತ ಕನ್ನಡದಲ್ಲಿ ಅಂದುಕೊಂಡು ಅದನ್ನು ಅರಬಿಗೆ ಹಾಕಿ. ಫೋನು ಮಾತ್ರ ಅಲ್ಲೂ ಯಬ್ದೂ ತುರುಕುತ್ತೆ.

ಕೌಂಟರಿನಲ್ಲಿ ಮಾತಾಡುವಾಗ ಯಬ್ದೂ ಹೇಳಿದರೆ ವಾರ್ತೆ ಓದಿದ ಹಾಗಿರುತ್ತೆ. ಅಲ್ಲಿ 'ಶಕ್ಲಕ್ ತಅಬಾನ್' ಅಂದರೆ ಸಾಕು, ಸುಸ್ತಾದ ಹಾಗೆ ಕಾಣ್ತೀರಿ. ಮೋಡ ಕವಿದರೆ 'ಶಕ್ಲಹಾ ಬಿತ್‌ಮತ್ತರ್', ಮಳೆ ಬರೋ ಹಾಗಿದೆ. ಈಜಿಪ್ಟಿನವರು 'ಬಾಯಿನ್ ಅಲೇಕ್' ಅನ್ನುತ್ತಾರೆ, ಲೆಬನಾನ್, ಸಿರಿಯಾ ಕಡೆಯವರು 'ಮ್ಬಯ್ಯಿನ್'. ಇವು ಯಾವುವೂ ವರದಿಯೊಳಗೆ ನುಸುಳದಿರಲಿ. ವರದಿ ಮುಂದೆ ಕೋರ್ಟಿಗೆ ಹೋಗುವ ಲಕ್ಷಣ ಇದ್ದರೆ ನೀವು ಮಾಡಿದ್ದು ಆಫೀಸಿನ ಓದಿಗೆ ಮಾತ್ರ ಇರಲಿ. ಅಲ್ಲಿಗೆ ಲೈಸೆನ್ಸ್ ಇರುವ ಕಾನೂನು ಅನುವಾದಕರ ಮುದ್ರೆಯೇ ಬೇಕು.

ಉಳಿದದ್ದು ಐದನೆಯದು, 'ಅಪ್ಯಾರೆಂಟ್ ಡ್ಯಾಮೇಜ್'. ಇದು ತಲೆನೋವು. ಹಾನಿ ಎದ್ದು ಕಾಣುತ್ತಿದೆ ಅಂತಲೂ ಆಗಬಹುದು, ಹಾನಿಯಾದ ಹಾಗಿದೆ, ಖಚಿತ ಇಲ್ಲ ಅಂತಲೂ ಆಗಬಹುದು. ಎದ್ದು ಕಾಣುತ್ತಿದ್ದರೆ 'ವಾದಿಹ್' ಹಾಕಿ. ಖಚಿತ ಇಲ್ಲದಿದ್ದರೆ ವಿಶೇಷಣವನ್ನೇ ಬಿಟ್ಟು 'ಯಬ್ದೂ ಅನ್ನ' ಅಂತ ವಾಕ್ಯ ಬಿಡಿಸಿ ಬರೆಯಿರಿ. 'ಜಾಹಿರಿಯ್ಯನ್' ಅನ್ನೋದನ್ನು ಮಾತ್ರ ಇಲ್ಲಿ ಮುಟ್ಟಬೇಡಿ. ಡಾಕ್ಟರುಗಳ ಬರಹದಲ್ಲಿ 'ಸಲೀಮ್ ಜಾಹಿರಿಯ್ಯನ್' ಅಂದರೆ ಹೊರನೋಟಕ್ಕೆ ಆರೋಗ್ಯವಂತ ಅಂತ, ಅಲ್ಲಿ ಅದು ಸರಿಯಾದ ಮಾತೇ. ನಿಮ್ಮ ವರದಿಯಲ್ಲಿ ಹಾಕಿದರೆ ಹಾನಿ ಬರೀ ಮೇಲ್ನೋಟದ್ದು, ಒಳಗೆ ಏನೂ ಆಗಿಲ್ಲ ಅಂತ ಹೋಟೆಲಿನ ಪರ ವಾದ ಮಾಡಿದ ಹಾಗಾಗುತ್ತೆ. ಅತಿಥಿ ಇನ್ನೂ ರೇಗುತ್ತಾರೆ.

ಇವೆರಡರಲ್ಲಿ ಯಾವುದು ಅಂತ ಒಂದೇ ವಾಕ್ಯ ನೋಡಿ ಹೇಳೋಕೆ ಆಗಲ್ಲ ಅಕ್ಕ. ಅದರ ಹಿಂದಿನ ವಾಕ್ಯವನ್ನೂ ಹಾಕಿ. ಅತಿಥಿಯ ಹೆಸರು, ಕೋಣೆ ನಂಬರ್ ಅಳಿಸಿ ಹಾಕಿ, ಮರೆಯಬೇಡಿ. ಸಂಜೆ ನೋಡಿ ಹೇಳುತ್ತೇನೆ.